ಕಾಡಿಗೆಯ ಕೊರಳ ಗೆಜ್ಜೆ

ನಮ್ಮ ಅಜ್ಜಿಯರ ಅಜ್ಜಿಯರು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದ ಕಾಲಕ್ಕಿಂತಲೂ ಬಹಳ ಹಿಂದೆ, ಏಳು ಹೊಳೆಗಳ ಆಚೆ ಹೊನ್ನಂಚು ಎಂಬ ರಾಜ್ಯವಿತ್ತು. ಅಲ್ಲಿ ಸೂಜಿ ಹಿಡಿಯದ ಕೈ ಇರಲಿಲ್ಲ. ಅಂಗಳದಲ್ಲಿ ಕಂಡದ್ದನ್ನೇ ಅವರು ಬಟ್ಟೆಗೆ ತರುತ್ತಿದ್ದರು. ಕೋಳಿ ಕೆದರಿದ ಮಣ್ಣು ಕುಪ್ಪಸದ ತೋಳಿಗೆ ಬರುತ್ತಿತ್ತು. ಬೆಕ್ಕು ಮೈಮುರಿದ ರೀತಿ ಸೆರಗಿಗೆ ಬರುತ್ತಿತ್ತು. ಗಿಳಿಯ ಕೊರಳ ಪಟ್ಟಿ ಕೂಸಿನ ಕುಲಾವಿಗೆ ಬರುತ್ತಿತ್ತು.

ಆ ಕಸೂತಿಗೆ ಎರಡೇ ಕಟ್ಟಳೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಮುಖ ಹೇಗೋ ಬೆನ್ನೂ ಹಾಗೆಯೇ ಇರಬೇಕು. ಅದಕ್ಕಾಗಿ ಸೂಜಿ ಒಂದು ಹೆಜ್ಜೆ ಇಟ್ಟು, ಒಂದು ಹೆಜ್ಜೆ ಬಿಟ್ಟು ಮುಂದೆ ಹೋಗುತ್ತಿತ್ತು. ಕೊನೆ ಮುಟ್ಟಿದ ಮೇಲೆ ಹೋದ ದಾರಿಯಲ್ಲೇ ತಿರುಗಿ, ಬಿಟ್ಟ ಹೆಜ್ಜೆಗಳನ್ನೆಲ್ಲ ತುಂಬಿಕೊಂಡು, ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಸೀರೆ ಕೊಳ್ಳುವವರು ಮೊದಲು ಅದರ ಬೆನ್ನು ತಿರುವಿ ನೋಡುತ್ತಿದ್ದರು, ಆಮೇಲೆ ಮುಖ.

ಆ ರಾಜ್ಯದ ಒಂದು ಹಳ್ಳಿಯಲ್ಲಿ ಸಾತವ್ವ ಎಂಬ ವಿಧವೆ ಇದ್ದಳು. ನಲವತ್ತು ವರ್ಷ ಬಟ್ಟೆಯ ಎಳೆ ಎಣಿಸಿ ಎಣಿಸಿ ಅವಳ ಕಣ್ಣು ಹೋಗಿದ್ದವು. ಅವಳಿಗೆ ನಿಂಬೆವ್ವ ಎಂಬ ಮಗಳು, ಕಾಡಿಗೆ ಎಂಬ ಕರಿಯ ಆಡು. ಆಡಿನ ಕೊರಳಲ್ಲಿ ಒಂದು ಗೆಜ್ಜೆ. ಆ ಗೆಜ್ಜೆಯ ಸಪ್ಪಳ ಹಿಡಿದು ಸಾತವ್ವ ಹೊಳೆಗೆ ಹೋಗುತ್ತಿದ್ದಳು, ಗುಡಿಗೆ ಹೋಗುತ್ತಿದ್ದಳು, ಎಡವದೆ ಮನೆಗೆ ಬರುತ್ತಿದ್ದಳು. ಕಾಡಿಗೆಯೂ ಜಾಣೆ. ಹಿಂದೆ ಬರುವ ಕಾಲುಗಳು ನಿಂತರೆ ತಾನೂ ನಿಲ್ಲುತ್ತಿತ್ತು.

ನಿಂಬೆವ್ವ ಕಸೂತಿಯಲ್ಲಿ ತೆಗೆಯುತ್ತಿದ್ದುದು ಈ ಆಡಿನ ನಡಿಗೆಯನ್ನೇ. ಅದು ಹೋಗುವಾಗ ಒಂದು ಪೊದೆ ಮೇಯ್ದು ಒಂದು ಪೊದೆ ಬಿಡುತ್ತಿತ್ತು, ಬರುವಾಗ ಬಿಟ್ಟದ್ದನ್ನು ಮೇಯುತ್ತಿತ್ತು. ಅದನ್ನು ನೋಡಿಯೇ ಹುಡುಗಿಯ ಕೈಗೆ ಹೊಲಿಗೆ ಹತ್ತಿತ್ತು. ಊರ ಹೆಂಗಸರು ನಗುತ್ತಿದ್ದರು.

"ಎಲ್ಲಾರೂ ನವಿಲು ತೆಗೀತಾರ, ಆನಿ ತೆಗೀತಾರ. ಇಕಿ ಆಡು ಅಡ್ಡಾಡಿದ್ದು ತೆಗೀತಾಳ ನೋಡ್ರೆ!"

ನಿಂಬೆವ್ವನಿಗೆ ನೋಯುತ್ತಿತ್ತು. ತಾಯಿ ಮಾತ್ರ ಬಟ್ಟೆಯ ಮೇಲೆ ಬೆರಳಾಡಿಸಿ ಹೇಳುತ್ತಿದ್ದಳು: "ಇದು ನಮ್ಮ ಕಾಡಿಗಿ ನಡಿಗಿ ಅಲ್ಲೇನ ನಿಂಬಿ? ಇಲ್ಲಿ ಮೇಯಾಕ ನಿಂತಾಳ. ಇಲ್ಲಿ ಕಲ್ಲು ಹಾರ್ಯಾಳ."

ಹೀಗಿರುವಾಗ ರಾಜಧಾನಿಗೆ ವಕ್ರಸೂಚಿ ಎಂಬ ದರ್ಜಿ ಬಂದ. ಅವನು ದರ್ಜಿಯಲ್ಲ, ಮಾಯಾವಿ. ರಾಣಿ ಪದ್ಮಲೇಖೆಗೆ ಬಟ್ಟೆಯ ಮೋಹ ಅತಿಯಾಗಿತ್ತು. ಅವಳು ಉಟ್ಟದ್ದನ್ನು ಮತ್ತೆ ಉಡುತ್ತಿರಲಿಲ್ಲ. ವಕ್ರಸೂಚಿ ಅವಳ ತವರಿನ ಗಿಳಿಯನ್ನು ಅರ್ಧ ದಿನಕ್ಕೆ ಕೇಳಿ ಪಡೆದ. ಸಂಜೆಗೆ ಒಂದು ನಿಲುವಂಗಿ ತಂದ. ಅದರ ಮೇಲಿನ ಗಿಳಿ ರೆಕ್ಕೆ ಬಡಿಯುತ್ತಿತ್ತು, ಕತ್ತು ಕೊಂಕಿಸುತ್ತಿತ್ತು. ಆಸ್ಥಾನವೆಲ್ಲ ಬೆರಗಾಯಿತು. ಗಿಳಿ ಎಲ್ಲಿ ಎಂದು ರಾಣಿ ಕೇಳಲಿಲ್ಲ. ನಿಲುವಂಗಿಯ ಬೆನ್ನನ್ನು ಯಾರೂ ತಿರುವಿ ನೋಡಲಿಲ್ಲ.

"ಒಂದು ಸಾವಿರ ಜೀವಿಗಳು ಈ ನಿಲುವಂಗಿಯ ಮೇಲೆ ಬರಲಿ ಮಹಾರಾಣಿ. ಇಂಥದ್ದು ಭೂಮಿಯ ಮೇಲೆ ಇನ್ನೊಂದಿರುವುದಿಲ್ಲ," ಎಂದ ವಕ್ರಸೂಚಿ.

ಆಮೇಲೆ ಜನ ಮುಗಿಬಿದ್ದರು. ತನ್ನ ನಾಯಿ ರಾಣಿಯ ಮೈಮೇಲೆ ಬರಲಿ ಎಂದು ಒಬ್ಬ ತಂದ, ತನ್ನ ಜಿಂಕೆ ಬರಲಿ ಎಂದು ಇನ್ನೊಬ್ಬ ತಂದ. ಬಟ್ಟೆಯ ಮೇಲೆ ಬಾಲ ಅಲ್ಲಾಡುವುದನ್ನು ನೋಡಿ ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ಬರಿದಾದ ಗೂಡನ್ನು ನೋಡುವಾಗ ಮಾತ್ರ ಅವರಿಗೆ ಬುದ್ಧಿ ಬಂತು. ಅಷ್ಟು ಹೊತ್ತಿಗೆ ತಡವಾಗಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಹೊನ್ನಂಚಿನಲ್ಲಿ ಕೂಗುವ ಕೋಳಿ ಒಂದೂ ಉಳಿಯಲಿಲ್ಲ.

ಒಂಬೈನೂರ ತೊಂಬತ್ತೊಂಬತ್ತು ಆದವು. ರಾಜ್ಯದಲ್ಲಿ ಉಳಿದದ್ದು ಒಂದೇ ಒಂದು ಆಡು.

ಒಂದು ಬೆಳಿಗ್ಗೆ ಭಟರು ಬಂದು ಕಾಡಿಗೆಯನ್ನು ಎಳೆದರು. ಸಪ್ಪಳ ಕಿರಿಕಿರಿಯೆಂದು ಅದರ ಕೊರಳ ಗೆಜ್ಜೆ ಬಿಚ್ಚಿ ಅಂಗಳಕ್ಕೆ ಎಸೆದರು. ಸಾತವ್ವ ನೆಲ ತಡವಿ ತಡವಿ ಗೆಜ್ಜೆಯನ್ನು ಹುಡುಕಿಕೊಂಡಳು. ಅದನ್ನು ಎದೆಗೆ ಒತ್ತಿಕೊಂಡು ಅತ್ತಳು.

"ನನಗ ಎರಡನೇ ಸಲ ಕಣ್ಣು ಹೋದುವಲ್ಲ ಮಗಳ."

ನಿಂಬೆವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು, ತಾಯಿಯ ಕೈ ಹಿಡಿದಳು, ಅರಮನೆಯ ದಾರಿ ಹಿಡಿದಳು.

ಅವರು ಮುಟ್ಟುವಾಗ ಬಿಸಿಲು ಏರಿತ್ತು. ಆಸ್ಥಾನದ ನಡುವೆ ನಿಲುವಂಗಿ ಹರಡಿತ್ತು. ಅದರ ನಟ್ಟನಡುವೆ ಕಾಡಿಗೆ ಇತ್ತು. ಬಾಯಿ ತೆರೆದು ಅರಚುತ್ತಿತ್ತು, ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ನಿಂಬೆವ್ವ ರಾಣಿಯ ಮುಂದೆ ಹೋಗಿ ನಿಂತಳು.

"ತಾಯೀ, ಒಂದ ಮಾತು. ಇದರ ಬೆನ್ನು ತಿರುವಿ ನೋಡ್ರಿ," ಎಂದಳು ರಾಣಿಗೆ.

ರಾಣಿ ಅಂಚು ಹಿಡಿದು ಮಗುಚಿದಳು. ಹಿಂಬದಿಯ ತುಂಬ ಗಂಟುಗಳು. ಒಂದೊಂದು ಪ್ರಾಣಿಯ ಹಿಂದೆ ಒಂದೊಂದು ಗಂಟು, ಹೆಪ್ಪುಗಟ್ಟಿದ ರಕ್ತದಂತೆ ಗಟ್ಟಿ. ರಾಣಿ ಕತ್ತರಿ ತೆಗೆದುಕೊಂಡು ತನ್ನ ಗಿಳಿಯ ಗಂಟನ್ನು ಕತ್ತರಿಸಿದಳು. ಗಿಳಿ ಅವಳ ಕಾಲ ಬಳಿ ಬಿತ್ತು. ಅದಕ್ಕೆ ಜೀವವಿರಲಿಲ್ಲ. ಚಿಕ್ಕಂದಿನಲ್ಲಿ ಅವಳ ಹೆಸರು ಹಿಡಿದು ಕೂಗುತ್ತಿದ್ದ ಗಿಳಿ ಅದು. ರಾಣಿ ನೆಲದ ಮೇಲೆ ಕುಳಿತು ಅತ್ತಳು.

ವಕ್ರಸೂಚಿ ನಕ್ಕ. "ಆ ದಾರವೇ ಅವುಗಳ ಉಸಿರು. ಕತ್ತರಿಸಿದರೆ ಸಾಯುತ್ತವೆ. ಸೂರ್ಯ ನೆತ್ತಿಗೆ ಬಂದಾಗ ಕೊನೆಯ ಗಂಟು ಹಾಕುತ್ತೇನೆ. ಈ ಅಂಗಿ ನಿನಗಲ್ಲ ರಾಣಿ, ನನಗೆ. ಅಷ್ಟೂ ಉಸಿರು ನನ್ನವು. ನನಗಿನ್ನು ಸಾವಿಲ್ಲ."

"ಹಿಡಿಯಿರಿ ಅವನನ್ನು!" ಎಂದು ರಾಣಿ ಕೂಗಿದಳು. ವಕ್ರಸೂಚಿ ಒಂದು ದಾರ ಬೀಸಿದ. ಭಟರ ಪಾದಗಳು ನೆಲಕ್ಕೆ ಹೊಲಿದುಹೋದವು.

ನಿಂಬೆವ್ವ ಕೇಳಿದಳು: "ಕತ್ತರಿಸದ ಬಿಡಿಸಾಕ ದಾರಿ ಇಲ್ಲೇನು?"

"ಇದೆ. ದಾರದ ಜಾಡು ಹಿಡಿದು ಒಳಗೆ ಹೋಗಬೇಕು, ಗಂಟು ಬಿಚ್ಚಿ ಕರೆತರಬೇಕು. ಮೂವರು ಹೋದರು. ಮೂವರೂ ಅಲ್ಲೇ ಅಲೆಯುತ್ತಿದ್ದಾರೆ. ಹೋಗುವುದು ಅವರಿಗೆ ಗೊತ್ತಿತ್ತು, ಬರುವುದು ಗೊತ್ತಿರಲಿಲ್ಲ," ಎಂದ ವಕ್ರಸೂಚಿ ಹಮ್ಮಿನಿಂದ.

ನಿಂಬೆವ್ವ ತಾಯಿಯನ್ನು ನಿಲುವಂಗಿಯ ಅಂಚಿಗೆ ಕೂರಿಸಿದಳು. "ಯವ್ವಾ, ಗೆಜ್ಜಿ ಬಾರಸ್ತಾ ಇರು. ಕೈ ನಿಲ್ಲಸಬ್ಯಾಡ. ಅದರ ಸಪ್ಪಳ ಹಿಡದು ನಾವಿಬ್ರೂ ಬರ್ತೀವಿ."

"ಹೋಗಿ ಬಾ ಮಗಳ," ಎಂದಳು ಸಾತವ್ವ. ಅವಳು ಗೆಜ್ಜೆ ಬಾರಿಸತೊಡಗಿದಳು.

ನಿಂಬೆವ್ವ ಸೂಜಿಯ ತುದಿಯನ್ನು ಬಟ್ಟೆಗೆ ಒತ್ತಿದಳು. ಸೂಜಿ ಮಾಡಿದ ತೂತಿನಲ್ಲಿ ಅವಳೂ ಒಳಗೆ ಹೋದಳು.

ಒಳಗೆ ಬಿಳಿಯ ಕಾಡು. ಅಡ್ಡಕ್ಕೂ ಉದ್ದಕ್ಕೂ ಹಗ್ಗದಷ್ಟು ದಪ್ಪದ ಎಳೆಗಳು. ಅವುಗಳ ನಡುವೆ ದಾರದ ದಾರಿ. ಆ ದಾರಿಯಲ್ಲಿ ಅವಳು ಒಂದು ಹೆಜ್ಜೆ ಇಟ್ಟಳು, ಒಂದು ಹೆಜ್ಜೆ ಬಿಟ್ಟಳು. ಹಿಂದೆ ಗೆಜ್ಜೆ ಕೇಳುತ್ತಿತ್ತು.

ಮೊದಲು ಎದುರಾದದ್ದು ಹುಲಿ. ಅರಮನೆಯ ತೋಟದ ಸಾಕುಹುಲಿ. ದಾರಿಗೆ ಅಡ್ಡ ನಿಂತು ಗರ್ಜಿಸಿತು. ಓಡಿದರೆ ಹೆಜ್ಜೆ ತಪ್ಪುತ್ತದೆ ಎಂದು ನಿಂಬೆವ್ವನಿಗೆ ಗೊತ್ತಿತ್ತು. ಅವಳು ಲೆಕ್ಕ ಬಿಡಲಿಲ್ಲ. ಒಂದು ಇಟ್ಟಳು, ಒಂದು ಬಿಟ್ಟಳು. ಹುಲಿಯ ಹತ್ತಿರ ಬಂದಾಗ ಅದರ ಬೆನ್ನಿನ ಗಂಟು ಕಂಡಿತು. ಸೂಜಿಯ ತುದಿಯಿಂದ ಮೆಲ್ಲಗೆ ಬಿಚ್ಚಿದಳು. ಗರ್ಜನೆ ನಿಂತಿತು.

"ನೋಯುತ್ತಿತ್ತು ತಾಯಿ, ಅದಕ್ಕೇ ಕೂಗಿದೆ," ಎಂದಿತು ಹುಲಿ.

ಎರಡನೆಯದು ನವಿಲು. ಅದು ದಾರಿಯಿಂದ ಆಚೆ, ಗರಿ ಬಿಚ್ಚಿ ನಿಂತಿತ್ತು. ಅಂಥ ಬಣ್ಣಗಳನ್ನು ನಿಂಬೆವ್ವ ಕನಸಿನಲ್ಲೂ ಕಂಡಿರಲಿಲ್ಲ.

"ಇಲ್ಲಿ ಬಾ," ಎಂದಿತು ನವಿಲು. "ನನ್ನನ್ನು ಕಣ್ತುಂಬ ನೋಡಿ ಕಲಿತುಕೋ. ನಿನ್ನನ್ನು ನೋಡಿ ನಕ್ಕವರೆಲ್ಲ ನಿನ್ನ ಮನೆ ಬಾಗಿಲಿಗೆ ಬರುತ್ತಾರೆ. ಆ ಆಡಿನ ನಡಿಗೆ ಯಾರಿಗೆ ಬೇಕು?"

ಅವಳಿಗೆ ಆಸೆಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಆಸೆಯಾಯಿತು. ಒಂದು ಕಾಲು ದಾರಿಯಿಂದ ಮೇಲೆದ್ದಿತು. ಆಗ ಹಿಂದಿನಿಂದ ಗೆಜ್ಜೆಯ ಸಪ್ಪಳ ಬಂತು. ಹೊಳೆಗೆ ಹೋಗುವ ದಾರಿ, ತಾಯಿಯ ಬರಿಗಾಲು, ಆಡಿನ ಕರಿಯ ಬೆನ್ನು ನೆನಪಾದವು. ಅವಳು ಕಾಲನ್ನು ಮತ್ತೆ ದಾರಿಯ ಮೇಲೆ ಇಟ್ಟಳು. ನಿಂತಲ್ಲಿಂದಲೇ ಕೈ ಚಾಚಿ ನವಿಲಿನ ಗಂಟನ್ನೂ ಬಿಚ್ಚಿ ಮುಂದೆ ನಡೆದಳು.

ಮೂರನೆಯದು ಕಾಡಿಗೆ. ಆಡು ಅವಳನ್ನು ಕಂಡು ಕುಣಿಯಿತು. ಅದರ ಕೊರಳ ಬಳಿ ದಾರದ ಕುಣಿಕೆಯೊಂದು ತೆರೆದಿತ್ತು. ಸೂರ್ಯ ನೆತ್ತಿಗೆ ಬಂದಿದ್ದ. ಹೊರಗೆ ವಕ್ರಸೂಚಿ ಕೊನೆಯ ಗಂಟನ್ನು ಎಳೆಯತೊಡಗಿದ. ನಿಂಬೆವ್ವ ತನ್ನ ಕಿರುಬೆರಳನ್ನು ಕುಣಿಕೆಯೊಳಗೆ ತೂರಿಸಿದಳು. ದಾರ ಬೆರಳನ್ನು ಕೊರೆಯಿತು. ಗಂಟು ಬೀಳಲಿಲ್ಲ.

ವಕ್ರಸೂಚಿ ಇನ್ನಷ್ಟು ಜಗ್ಗಿದ. ಗಂಟು ಬೀಳುವವರೆಗೆ ಅವನು ದಾರ ಬಿಟ್ಟು ಕೈಯೆತ್ತುವಂತಿರಲಿಲ್ಲ. ಅದಕ್ಕೆ ನಾಲಗೆಯನ್ನು ಬಳಸಿದ.

"ಮುದುಕಿ, ಆ ಗೆಜ್ಜೆ ಕೆಳಗಿಡು. ಈ ಕ್ಷಣವೇ ನಿನಗೆ ಕಣ್ಣು ಕೊಡುತ್ತೇನೆ."

ಸಾತವ್ವನ ಕೈ ನಿಂತಿತು. ಒಳಗೆ ನಿಂಬೆವ್ವನ ಕಿವಿಗೆ ಏನೂ ಕೇಳಲಿಲ್ಲ. ಬಿಳಿಯ ಕಾಡು ನಾಲ್ಕೂ ಕಡೆ ಒಂದೇ ರೀತಿ ಕಂಡಿತು. ಯಾವುದು ಹಿಂದೆ, ಯಾವುದು ಮುಂದೆ, ತಿಳಿಯಲಿಲ್ಲ. ಅವಳು ಆಡಿನ ಕೊರಳನ್ನು ತಬ್ಬಿಕೊಂಡು ನಿಂತಳು.

"ಖರೇನ ಕೊಡ್ತೀಯೇನಪಾ?" ಎಂದು ಕೇಳಿದಳು ಸಾತವ್ವ.

"ನಿಜವಾಗಿ ಕೊಡುತ್ತೇನೆ. ಆಕಾಶ ನೋಡುವೆ, ಹೊಳೆ ನೋಡುವೆ, ಎಲ್ಲವನ್ನೂ ನೋಡುವೆ."

"ನನ್ನ ಮಗಳು ಒಳಗ ಅದಾಳ. ಕಣ್ಣು ಬಂದ ಮ್ಯಾಲೆ ನಾ ಯಾರನ್ನ ನೋಡ್ಲಿ?" ಎಂದಳು ಸಾತವ್ವ.

ಅವಳು ಗೆಜ್ಜೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲಿಗಿಂತ ಜೋರಾಗಿ ಬಾರಿಸಿದಳು.

ಕಾಡಿಗೆ ಕಿವಿ ನಿಮಿರಿಸಿತು. ನಿಂಬೆವ್ವ ಸೂಜಿಯ ತುದಿಯಿಂದ ಕುಣಿಕೆಯನ್ನು ಪೂರ್ತಿ ಬಿಚ್ಚಿ ಬೆರಳು ಬಿಡಿಸಿಕೊಂಡಳು. ಆಡು ಮುಂದೆ, ಅವಳು ಹಿಂದೆ. ಹೋಗುವಾಗ ಬಿಟ್ಟ ಹೆಜ್ಜೆಗಳ ಮೇಲೆ ಈಗ ಕಾಲಿಟ್ಟರು. ಒಂದೊಂದು ಹೆಜ್ಜೆ ತುಂಬಿದಂತೆ ಬಟ್ಟೆಯ ಮುಖವೂ ಬೆನ್ನೂ ಒಂದಾಗುತ್ತ ಬಂದವು. ಉಳಿದ ಗಂಟುಗಳು ತಾವಾಗಿಯೇ ಸಡಿಲಾದವು. ನವಿಲು ಹಿಂದೆ ಬಂತು, ಹುಲಿ ಹಿಂದೆ ಬಂತು. ನಾಯಿ, ಬೆಕ್ಕು, ಕೋಳಿ, ಜಿಂಕೆ ಬಂದವು. ದಾರಿ ತಪ್ಪಿದ್ದ ಮೂವರು ಗಂಡಸರೂ ಗಡ್ಡ ಬೆಳೆಸಿಕೊಂಡು ತಲೆ ತಗ್ಗಿಸಿ ಬಂದರು.

ಸೂಜಿ ಮಾಡಿದ ತೂತಿನಿಂದ ಮೊದಲು ಹೊರಬಂದದ್ದು ಕಾಡಿಗೆ. ನೇರವಾಗಿ ಬಂದು ಸಾತವ್ವನ ಕೈಯೊಳಗೆ ಮೂತಿ ಇಟ್ಟಿತು. ಅವಳ ಕೈಯಿಂದ ಗೆಜ್ಜೆ ಜಾರಿ ಬಿತ್ತು. ಅವಳು ಆಡಿನ ಬೆನ್ನು ಸವರಿದಳು, ಆಮೇಲೆ ಗಾಳಿಯಲ್ಲಿ ಕೈ ಚಾಚಿದಳು.

"ನಿಂಬಿ?"

"ಬಂದೆ ಯವ್ವಾ."

ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಆಸ್ಥಾನದಲ್ಲಿ ಎಷ್ಟೋ ದಿನಗಳ ಮೇಲೆ ಮೊದಲ ಬಾರಿ ಒಂದು ಕೋಳಿ ಕೂಗಿತು.

ಕದ್ದ ಉಸಿರೆಲ್ಲ ಅದರದರ ಮೈಗೆ ಹೋದ ಮೇಲೆ ವಕ್ರಸೂಚಿಗೆ ತನ್ನದೆನ್ನುವ ಉಸಿರು ಉಳಿಯಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ತುಕ್ಕು ಹಿಡಿದ ಸೊಟ್ಟ ಸೂಜಿಯೊಂದು ಬಿದ್ದಿತ್ತು. ಭಟರ ಪಾದಗಳು ನೆಲ ಬಿಟ್ಟವು. ಜಾರಿದ ಗೆಜ್ಜೆಗಾಗಿ ನೆಲ ತಡವುತ್ತಿದ್ದ ಸಾತವ್ವನ ಬೆರಳಿಗೆ ಆ ಸೂಜಿ ತಗುಲಿತು.

"ಯಾರಿಗರ ಚುಚ್ಚೀತು, ತಗದಿಡವಾ," ಎಂದಳು ಅಷ್ಟೆ.

ರಾಣಿಯ ಗಿಳಿ ಮಾತ್ರ ಬರಲಿಲ್ಲ. ರಾಣಿ ಅದನ್ನು ಅರಮನೆಯ ಹೂದೋಟದಲ್ಲಿ ತನ್ನ ಕೈಯಾರೆ ಮಣ್ಣು ಮಾಡಿದಳು. ಎಂಟು ದಿನ ಬಿಟ್ಟು, ಬರಿಗಾಲಲ್ಲಿ ಸಾತವ್ವನ ಅಂಗಳಕ್ಕೆ ಬಂದಳು. ನನ್ನ ಗಿಳಿಯನ್ನು ನಾನೇ ಬಟ್ಟೆಗೆ ತರಬೇಕು, ಕಲಿಸಿಕೊಡು ಎಂದು ನಿಂಬೆವ್ವನನ್ನು ಬೇಡಿದಳು.

"ಸೂಜಿ ನಾಳೆ ಹಿಡೀರಿ ತಾಯಿ," ಎಂದಳು ನಿಂಬೆವ್ವ. "ಇವತ್ತು ಈ ಆಡಿನ ಹಿಂದ ಹೊಳಿಗೆ ಹೋಗಿ ಬರ್ರಿ."

ರಾಣಿ ಹೋದಳು. ಮುಂದೆ ಗೆಜ್ಜೆ ಕಟ್ಟಿದ ಕಾಡಿಗೆ, ನಡುವೆ ಸಾತವ್ವ, ಹಿಂದೆ ರಾಣಿ. ಆ ವರ್ಷ ಹೊನ್ನಂಚಿನ ಹೆಂಗಸರೆಲ್ಲ ಕುಪ್ಪಸದ ತೋಳಿಗೆ ಆಡಿನ ನಡಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ನಕ್ಕಿದ್ದವರೇ ಮೊದಲು ಬಂದರು. ನಿಂಬೆವ್ವನ ಕಿರುಬೆರಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ಅದು ಹಾಗೇ ಬಾಗಿತ್ತು. ಸಂಜೆ ಹೊತ್ತು ಸಾತವ್ವ ಮಗಳ ಕೈ ಹಿಡಿದಾಗಲೆಲ್ಲ ಮೊದಲು ಆ ಬೆರಳನ್ನೇ ತಡವಿ ನೋಡುತ್ತಿದ್ದಳು, ಆಮೇಲೆ ನೆಮ್ಮದಿಯಿಂದ ಕೈ ಬಿಡುತ್ತಿದ್ದಳು. ಹೊನ್ನಂಚಿನ ಜನ ತಮ್ಮ ಕೋಳಿ, ನಾಯಿ, ಗಿಳಿಗಳೊಡನೆ ಬಹುಕಾಲ ಸುಖವಾಗಿ ಬಾಳಿದರು, ಮತ್ತೆಂದೂ ಬೆನ್ನು ನೋಡದೆ ಬಟ್ಟೆ ಕೊಳ್ಳಲಿಲ್ಲ.