ಎಮ್ಲಿನ್ ಎಂಜಿನಿನ ಕೊಳೆ

"ಓಡಿಸ್ಕೋ, ಮೆರೆಸ್ಕೋ, ಏನ್ ಬೇಕಾದ್ರೂ ಮಾಡ್ಕೋ ಮರಿ. ತೊಳೀಬೇಡ ಅಷ್ಟೇ," ಎಂದಳು ಗ್ಲೆನಿಸ್ ಮುದುಕಿ.

ಅವಳ ಬಿಸ್ಕತ್ತಿನ ಡಬ್ಬಿಯೊಳಗೆ, ಸತ್ತ ಗಂಡ ಎಮ್ಲಿನ್ ಮಾಡಿದ್ದ ಗೇಣುದ್ದದ ಡೀಸೆಲ್ ಎಂಜಿನು ಮಲಗಿತ್ತು. ಕಣಿವೆಯಲ್ಲಿ ಕಲ್ಲಿದ್ದಲು ಎಳೆಯುತ್ತಿದ್ದ, ಸದ್ದು ಕೇಳಿ ಜನ 'ಟ್ರ್ಯಾಕ್ಟರ್' ಎಂದು ಕರೆಯುತ್ತಿದ್ದ ಉದ್ದ ಮೂಗಿನ ರೈಲುಗಾಡಿಯ ಮಾದರಿ. ಆ ವೇಲ್ಸ್ ಊರಿನ ಮಾದರಿ ರೈಲಿನ ಕ್ಲಬ್ಬಿನಲ್ಲಿ ಸದಸ್ಯನೊಬ್ಬ ಸತ್ತರೆ ಅವನ ಎಂಜಿನು ಎಲ್ಲರಿಗಿಂತ ಹೊಸಬನ ಪಾಲು. ಈ ಸಲದ ಹೊಸಬ ಕ್ಲೈವ್ ಟ್ಯಾನ್ಸ್ಲಿ, ಇಂಗ್ಲೆಂಡಿನಿಂದ ಹೆಂಡತಿಯ ಊರಿಗೆ ಬಂದು ನೆಲೆಸಿದವನು.

"ತೊಳೆದ್ರೆ ಎಂಜಿನಿಗೆ ನೆಗಡಿಯಾಗುತ್ತಾ?" ಎಂದು ಕ್ಲೈವ್ ನಕ್ಕ.

ಮುದುಕಿ ನಗಲಿಲ್ಲ. "ಅವನು ಓಡಿಸ್ತಿದ್ದ ನಿಜವಾದ ಗಾಡೀನ ರೈಲ್ವೆ ಸಾಹೇಬ್ರು ತೊಳ್ಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸ್ಕೊಂಡು, ಆಮೇಲೆ ಗುಜರಿಗೆ ಹಾಕಿ ಕೊಯ್ಸಿದ್ರು. ಇವ್ನು ಹಾಸಿಗೆ ಹಿಡಿದು ಇದನ್ನ ಮಾಡ್ದ. ಇದನ್ನ ತೊಳ್ದೋರ ಎದೆಗೆ ಇದರ ಕೊಳೆ ಇಳೀಲಿ ಅಂತ ಮಂತ್ರಿಸಿಟ್ಟು ಸತ್ತ."

ಹೊಸ ಎಂಜಿನಿಗೆ ಬಣ್ಣ, ಪುಡಿ ಬಳಿದು ದುಡಿದು ಹಳತಾದಂಥ ಕೊಳೆ ಬರಿಸುವುದು ಆ ಕ್ಲಬ್ಬಿನವರ ಹೆಮ್ಮೆಯ ಕಸುಬು. ಇದೂ ಅಂಥದೇ ಬಣ್ಣವೆಂದುಕೊಂಡ ಜಾಣ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದ.

ಆದರೆ ಆ ಬಣ್ಣ ನಾರುತ್ತಿತ್ತು. ಕಾದ ಎಣ್ಣೆ, ಹಳಸಿದ ಉಗುಳು, ರೋಗಿಯ ದಿಂಬು, ಎಲ್ಲ ಸೇರಿದ ನಾತ. ಹೆಂಡತಿ ರಿಯಾನ್‌ಗೆ ಎರಡೇ ದಿನದಲ್ಲಿ ಸಾಕಾಯಿತು. "ಒಂದೋ ಆ ದರಿದ್ರ ಇರ್ಬೇಕು, ಇಲ್ಲ ನಾನು," ಎಂದು ಬಟ್ಟೆ ಚೀಲಕ್ಕೆ ತುಂಬತೊಡಗಿದಳು. ಕ್ಲೈವ್‌ಗೆ ಭೂಮಿಯ ಮೇಲೆ ಇದ್ದವಳು ಅವಳೊಬ್ಬಳೇ.

ಹತ್ತಿ, ಸ್ಪಿರಿಟ್ ಹಿಡಿದು ಕೂತ. ಕೊಳೆ ಪುಡಿಯಾಗಿ ಉದುರಲಿಲ್ಲ, ನೂಲು ನೂಲಾಗಿ ಎಳೆದು ಬಂತು. ಗಾಲಿಯ ಸಂದಿಯಿಂದ ನರೆಗೂದಲು ಬಂತು. ಅಡಿಯಲ್ಲಿ ಹಸಿರು ಬಣ್ಣ ಲಕಲಕ ಹೊಳೆಯಿತು.

ಸಂಜೆಗೆ ಕೆಮ್ಮು ಹತ್ತಿತು. ಕರವಸ್ತ್ರದಲ್ಲಿ ಕಪ್ಪು ಲೋಳೆ ಬಿತ್ತು, ಲೋಳೆಯಲ್ಲೊಂದು ನರೆಗೂದಲು. ಅದು ತನ್ನದಲ್ಲ. ತಿಂದ ರೊಟ್ಟಿ ಎಣ್ಣೆಯ ರುಚಿ ಕೊಟ್ಟಿತು. ಉಸಿರೆಳೆದಾಗಲೆಲ್ಲ ಎದೆಯೊಳಗೆ ಟ್ರ್ಯಾಕ್ಟರಿನ ಗುಡುಗುಡು.

ಏದುಸಿರು ಬಿಡುತ್ತ ಗ್ಲೆನಿಸ್‌ಳ ಬಾಗಿಲಿಗೆ ಬಿದ್ದ.

"ಹೇಳಿದ್ನಲ್ಲೋ ಪೆದ್ದ! ಅದು ಬಣ್ಣ ಅಲ್ಲ, ಅವನು ಕೆಮ್ಮಿದ್ದು. ತೊಳ್ದೋರೇ ತಮ್ಮ ಎದೆಯಿಂದ ಕೆಮ್ಮಿ ತೆಗೆದು ಅದಕ್ಕೇ ಬಳೀಬೇಕು. ಒಮ್ಮೆ ನಾನೂ ಒರೆಸಿ, ಉಗುಳಿ ಉಳ್ಕೊಂಡೆ. ನನ್ನ ಮೈದ್ನಾನೂ ತೊಳ್ದ, ಉಗುಳೋದು ಮರ್ಯಾದೆ ಅಲ್ಲ ಅಂತ ನುಂಗ್ದ. ನುಂಗಿದ್ದು ಮತ್ತೆ ಬರ್ಲಿಲ್ಲ. ಹೆಣದ ಪೆಟ್ಟಿಗೇಲಿ ಮಲಗಿಸುವಾಗ್ಲೂ ಬಾಯಿಂದ ಎಣ್ಣೆ ಸೋರ್ತಿತ್ತು."

ಕ್ಲೈವ್ ಮನೆಯ ಹಿತ್ತಲಿನ ಶೆಡ್ಡು ಹೊಕ್ಕ. ಕತ್ತಲು. ಕೆಮ್ಮಿದ. ಉಗುಳಿದ. ಬೆರಳಿಂದ ಬಳಿದ. ಛೀ! ವಾಂತಿ ಬಂತು. ತಡೆದ. ಮತ್ತೆ ಕೆಮ್ಮಿದ. ಬಳಿದ. ಹಸಿರೆಲ್ಲ ಮುಚ್ಚಿತು. ಎದೆ ತಟ್ಟನೆ ಹಗುರಾಯಿತು.

ಎಂಜಿನನ್ನು ಅಲ್ಲೇ ಒಣಗಲು ಬಿಟ್ಟು ಮುದುಕಿಗೆ ಸುದ್ದಿ ಹೇಳಲು ಓಡಿದ. ರಿಯಾನ್‌ಗೆ ಏನೂ ಹೇಳಲಿಲ್ಲ. ಉಗುಳು ಬಳಿದೆ ಅಂತ ಹೆಂಡತಿಯೆದುರು ಯಾವ ಬಾಯಲ್ಲಿ ಹೇಳುವುದು?

ಮರಳಿದಾಗ ಅವಳ ಚೀಲ ಬರಿದಾಗಿತ್ತು, ಬಟ್ಟೆಗಳೆಲ್ಲ ಕಪಾಟು ಸೇರಿದ್ದವು. ಅಡಿಗೆಮನೆಯ ತೊಟ್ಟಿಯ ಮುಂದೆ ರಿಯಾನ್ ನಗುತ್ತ ನಿಂತಿದ್ದಳು. ಕೈಯಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶು, ಸೋಪಿನ ನೊರೆ, ಹಸಿರು ಎಂಜಿನು.

"ಪಾಪ, ಹುಷಾರಿಲ್ದೆ ನಿಂಗೆ ಪೂರ್ತಿ ಉಜ್ಜೋಕಾಗಿಲ್ಲ ಅಂತ ಶೆಡ್ಡಿಂದ ತಂದು ನಾನೇ ತೊಳ್ದೆ ಬಂಗಾರ. ಜಗಳ ಆಡಿದ್ದು ಮರ್ತುಬಿಡು."

ಅಷ್ಟರಲ್ಲಿ ಕೆಮ್ಮಿದಳು. ತುಟಿಯಂಚಿಗೆ ಕಪ್ಪು ನೂಲೊಂದು ಇಳಿಯಿತು.

ಕ್ಲೈವ್ ಎಂಜಿನು ಕಿತ್ತುಕೊಂಡು ಅವಳ ಬಾಯಿಗೆ ಹಿಡಿದ. "ಉಗುಳು! ಇದರ ಮೇಲೇ ಉಗುಳು ರಿಯಾನ್! ದಮ್ಮಯ್ಯ, ಉಗುಳೇ!"

ಅವಳು ಅಸಹ್ಯದಿಂದ ಹಿಂದೆ ಸರಿದಳು, ಅಂಗೈಯಿಂದ ಬಾಯಿ ಒತ್ತಿಕೊಂಡು ನುಂಗಿಬಿಟ್ಟಳು.