ತೆಗೆಯದೆ ಬಿಟ್ಟ ಒಂದು ಆ್ಯಪ್

ಯುವರಾಜ ಮೊದಲ ಸಲ ನೀಲಾಳ ಎದುರಿಗೆ ಕುಳಿತಾಗ ಅವನ ಕಣ್ಣಿಂದ ನೀರು ಗಳಗಳನೆ ಇಳಿಯಿತು.

ದುಃಖವೇನೂ ಇರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಶೆಡ್ಡಿನೊಳಗೇ ಇದ್ದು ಹಳೆಯದಾದ ಟ್ಯಾಬ್ ಅದು. ಖಾರದ ಧೂಳು ಮೆತ್ತಿದ ಅದರ ಗಾಜು ಮುಟ್ಟಿದ ಬೆರಳಿನಿಂದಲೇ ರಾಣೆಬೆನ್ನೂರಿನ ಈ ಕಂಪ್ಯೂಟರ್ ಮಾಸ್ತರ ಕಣ್ಣು ಉಜ್ಜಿಕೊಂಡಿದ್ದ.

"ಅಯ್ಯ, ಕಣ್ಣಿಗೆ ಕೈ ಹಚ್ಚಬ್ಯಾಡ್ರಿ!" ನೀಲಾ ತಂಬಿಗೆಯಲ್ಲಿ ನೀರು ತಂದಿಟ್ಟಳು. "ಬ್ಯಾಡಗಿಯೊಳಗ ಸಣ್ಣ ಕೂಸಿಗೂ ಇದು ಗೊತ್ತೈತಿ, ಸರ್."

"ನಾನು ರಾಣೆಬೆನ್ನೂರ ಕಡೆ ಕುಪ್ಪೇಲೂರಾಗ ಹುಟ್ಟಿದಾಂವ ರೀ, ಅಕ್ಕಾರ," ಎಂದ ಅವನು, ಒಂದೇ ಕಣ್ಣು ತೆರೆದು.

ಕೆಲಸದ ಹೆಂಗಸರೆಲ್ಲ ನಕ್ಕರು. ಅವನನ್ನು ಕರೆಸಿದ್ದ ಸಕೀನಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಮಗಳು ಅವನ ಬಳಿ ಕಂಪ್ಯೂಟರ್ ಕಲಿಯುತ್ತಿದ್ದಳು.

ನೀಲಾ ತನ್ನ ಕಷ್ಟ ಹೇಳಿದಳು. ಈ ಶೆಡ್ಡು ಅವಳ ತಾಯಿ ಶೇಖವ್ವ ಕಟ್ಟಿದ್ದು. ತಾಯಿಯ ಆರೈಕೆ ಮಾಡುತ್ತಲೇ, ಮದುವೆಯಿಲ್ಲದೆ, ನೀಲಾಳಿಗೆ ಮೂವತ್ತು ದಾಟಿತ್ತು. ಹೋದ ಸುಗ್ಗಿಯಲ್ಲಿ ಶೇಖವ್ವ ತೀರಿಕೊಂಡಳು. ಅವಳು ದಿನವೂ ದೀಪ ಹಚ್ಚಿ ಕಾಗಿನೆಲೆಯ ಆದಿಕೇಶವನಿಗೆ ಹಾಡುತ್ತಿದ್ದ ಹಾಡು ಅವಳದೇ ದನಿಯಲ್ಲಿ ಈ ಟ್ಯಾಬಿನಲ್ಲಿ ಮಾತ್ರ ಉಳಿದಿತ್ತು. ಈಗ ನೀಲಾ ದೀಪ ಹಚ್ಚಿ ಅದನ್ನೇ ಕೇಳುವಳು.

"ಅವ್ವ ದೇವರನ್ನ ಕರೀತಾಳ, ನಡುವ ಇದು ರಮ್ಮಿ ಆಡಾಕ ಕರೀತೈತಿ! ಬ್ಯಾಡಾದ ಆಟ, ಅಂಗಡಿ, ಸುದ್ದಿ, ಎಲ್ಲಾ ಕೊಂಡಾಗಿಂದನ ಒಳಗ ಕುಂತಾವ. ತಗದ್ರ ಹೋಗೂದಿಲ್ಲ. ಹಾವೇರಿ ಅಂಗಡ್ಯಾಗ, ಎಲ್ಲಾ ಅಳಿಸಿ ಹೊಸದು ಮಾಡ್ಬೇಕು, ಇಲ್ಲಾಂದ್ರ ಒಳಗಿನ ಬೀಗ ಮುರದು ರೂಟ್ ಮಾಡ್ಬೇಕು ಅಂದ್ರು. ಅವ್ವನ ಹಾಡೂ ಹೋದೀತು ಅಂತ ಒಲ್ಲೆ ಅಂದೆ."

"ಎರಡೂ ಬ್ಯಾಡ್ರಿ," ಎಂದ ಯುವರಾಜ. ಟ್ಯಾಬಿನ ಸೆಟ್ಟಿಂಗ್ಸ್ ತೆರೆದು ಬಿಲ್ಡ್ ನಂಬರ್ ಮೇಲೆ ಏಳು ಸಲ ಬೆರಳು ತಟ್ಟಿದ.

"ಇದೇನು, ಪ್ರದಕ್ಷಿಣಿ ಹಾಕಾಕತ್ತೀರೇನು?"

"ಹಂಗ ಅನ್ಕೋರಿ. ಸುತ್ತಿದ ಮ್ಯಾಲ ಬಾಗಲಾ ತಗೀತೈತಿ."

ಕೇಬಲ್ಲಿನಿಂದ ಟ್ಯಾಬನ್ನು ತನ್ನ ಲ್ಯಾಪ್‌ಟಾಪಿಗೆ ಸೇರಿಸಿ, ಕರಿ ಪರದೆಯ ಮೇಲೆ ಒಂದೊಂದೇ ಸಾಲು ಬರೆಯುತ್ತ ಹೋದ. "ಆ್ಯಪು ಟ್ಯಾಬಿನ ತಳದಾಗ ಇರತೈತಿ. ನಿಮ್ಮ ಪಾಲಿಗಷ್ಟ ಇಲ್ಲದಂಗ ಮಾಡ್ತೇನಿ." ಆ ಮಾತು ನೀಲಾಳಿಗೆ ಹಿಡಿಸಿತು. ತೀರಿಹೋದವರು ಹೀಗೆಯೇ ಎಲ್ಲಿಯೋ ಇರುತ್ತಾರೆ, ನಮ್ಮ ಪಾಲಿಗಷ್ಟೇ ಇಲ್ಲ ಎಂದುಕೊಂಡಳು.

ಅವನು ಪ್ರತಿಯೊಂದರ ಹೆಸರು ಹೇಳಿ ಕೇಳಿದ. ಅವಳು ಮೆಣಸಿನಕಾಯಿ ಆರಿಸುತ್ತ, ನಡುನಡುವೆ ಅವನ ಕೆಂಪಾದ ಕಣ್ಣು ನೋಡಿ ನಗು ನುಂಗುತ್ತ, "ಬ್ಯಾಡ, ತಗೀರಿ," ಎನ್ನುತ್ತಿದ್ದಳು. ಅವನು ತಲೆಯೆತ್ತಿದರೆ ಅವಳ ನೋಟ ಬುಟ್ಟಿಗೆ ಇಳಿಯುತ್ತಿತ್ತು.

"ಸೌಂಡ್ ರೆಕಾರ್ಡರ್?"

"ಅದೇನು ಸುಡುಗಾಡೋ, ತಗೀರಿ."

ಹೊರಡುವಾಗ ಅವನು ಟ್ಯಾಬಿನ ಮೂಲೆಯೊಂದನ್ನು ತೋರಿಸಿದ. "ಈ ಹವಾಮಾನದ್ದು ಒಂದು ಉಳದೈತಿ. ಇವತ್ತ ಹೋಗವಲ್ದು. ಇನ್ನೊಮ್ಮೆ ಬರ್ತೇನಿ." ಆ ಹೊತ್ತಿಗೆ ಅವನ ಬಾಯಲ್ಲಿ 'ಅಕ್ಕಾರ' ಎಂಬ ಮಾತು ನಿಂತೇ ಹೋಗಿತ್ತು. ಅದನ್ನು ಸಕೀನಾಬಿ ಗಮನಿಸಿದಳು.

ಸಂಜೆ ನೀಲಾ ದೀಪ ಹಚ್ಚಿ ಟ್ಯಾಬ್ ತೆರೆದಳು. ಕೆಳಸಾಲಿನಲ್ಲಿ ಇರುತ್ತಿದ್ದ ಕೆಂಪು ಗುಂಡಿ ಇರಲಿಲ್ಲ. ಅದು ಅವಳಿಗೆ 'ಅವ್ವನ ಹಾಡು'. ಅದಕ್ಕೆ ಸೌಂಡ್ ರೆಕಾರ್ಡರ್ ಎಂಬ ಹೆಸರಿದೆಯೆಂದು ಅವಳು ಓದಿಯೇ ಇರಲಿಲ್ಲ.

ಅವಳು ಯುವರಾಜನಿಗೆ ಫೋನು ಹಚ್ಚಿದಳು. "ನಿಮ್ಮ ಕೈಗೆ ಕೊಟ್ಟಿದ್ದ ನನ್ನ ತಪ್ಪು. ನಮ್ಮವ್ವನ್ನ ಎರಡನೇ ಸಲ ಕಳಕೊಂಡೆ."

ಯುವರಾಜ ಇಷ್ಟೇ ಅಂದ, "ಟ್ಯಾಬಿಗೆ ಏನೂ ಮಾಡಬ್ಯಾಡ್ರಿ. ಮುಂಜಾನೆ ಬರ್ತೇನಿ."

ಅವಳು ಒದ್ದೆ ಬಟ್ಟೆಯಿಂದ ಟ್ಯಾಬನ್ನು ಒರೆಸಿ, ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ತಾನೇ ಬೈದಿದ್ದ ಅವನ ಕಣ್ಣಿಗೆ ಮತ್ತೆ ಖಾರ ಹತ್ತಬಾರದೆಂಬ ಕಾಳಜಿ ಆ ಸಿಟ್ಟಿನಲ್ಲೂ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಅವನು ಬಂದ. ಚಹಾ ಬೇಡವೆಂದ. "ಹಾಡಿನ ಫೋಲ್ಡರಿನ್ಯಾಗ ಭಜನಿ ಕಂಡ್ವು, ಅವ್ವನ ಹಾಡು ಅವ ಅನ್ಕೊಂಡೆ. ಒಂದನ್ನೂ ಹಚ್ಚಿ ಕೇಳ್ಲಿಲ್ಲ. ತಪ್ಪು ನಂದು," ಎಂದಷ್ಟೇ ಹೇಳಿ ಕೇಬಲ್ ಸೇರಿಸಿದ. "ತಗದದ್ದು ತಳದಾಗ ಐತಿ, ಕರದ್ರ ಬರತೈತಿ. ಹಾಡು ಬ್ಯಾರೆ ಕಡೆ ಇರತೈತಿ, ಇರಬೇಕು..."

ಒಂದು ಸಾಲು ಬರೆದ. ಕೆಂಪು ಗುಂಡಿ ಮರಳಿ ಬಂತು. ನೀಲಾ ಬೆರಳಿಟ್ಟಳು. ಮೊದಲು ಏನೂ ಕೇಳಲಿಲ್ಲ. ಅವಳು ಕಣ್ಣು ಮುಚ್ಚಿ ಆದಿಕೇಶವನನ್ನು ನೆನೆದಳು.

ಬಳೆಯ ಸದ್ದು. ಒಂದು ಕೆಮ್ಮು. ಆಮೇಲೆ ಶೇಖವ್ವನ ದನಿ ಹಾಡತೊಡಗಿತು. ಶೆಡ್ಡಿನಲ್ಲಿ ಕೈಗಳೆಲ್ಲ ನಿಂತವು. ಹಾಡು ಮುಗಿದಾಗ ಅದೇ ದನಿ, "ಆತೇನವಾ ನೀಲಾ? ಬಂದ್ ಮಾಡು, ಉಣ್ಣು ನಡಿ," ಎಂದಿತು.

ನೀಲಾ ಕಣ್ಣು ತೆರೆದಳು. ಯುವರಾಜ ಮುಖ ಆಚೆ ತಿರುಗಿಸಿದ್ದ.

"ಖಾರ ಹತ್ತಿತೇನ್ರಿ?"

"ಹೂಂ ರೀ. ಖಾರ."

"ಸುಳ್ಳ. ನಿನ್ನೆ ನಾನ ಟ್ಯಾಬ್ ಒರಸೇನಿ."

ಅವನು ಕಣ್ಣು ಒರೆಸಿಕೊಳ್ಳಲಿಲ್ಲ. "ನಮ್ಮವ್ವ ಹೋಗಿ ಭಾಳ ವರ್ಷ ಆತು. ಆಕಿ ದನಿ ಹೆಂಗಿತ್ತು ಅನ್ನೋದ ಮರತೇನಿ. ನಿಮ್ಮದೂ ಕಳದಿದ್ರ ನಾ ಹೆಂಗ ಮುಖ ತೋರಸ್ಲಿ ಅಂತ ಬಸ್ಸಿನ್ಯಾಗ ಅದ ಚಿಂತಿ."

ನೀಲಾ ಅವನ ಕೈಯ ಹತ್ತಿರಕ್ಕೆ ತಂಬಿಗೆ ಸರಿಸಿದಳು. ಅವನು ನೀರು ಕುಡಿದ ಮೇಲೆ ಕೇಳಿದಳು, "ಖರೇ ಹೇಳ್ರಿ, ಸರ್. ಆ ಹವಾಮಾನದ ಆ್ಯಪು ಖರೇನ ಹೋಗಲಿಲ್ಲೇನು?"

ಯುವರಾಜ ಕೇಬಲ್ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಒಂದು ಸಾಲಿನ ಕೆಲಸ. ಬೇಕಂತ ಬಿಟ್ಟೆ. ಮತ್ತ ಬರಾಕ ನೆಪ ಬೇಕಿತ್ತು, ನೀಲಾ."

ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅವಳ ಕಿವಿಯ ತುದಿ ಕೆಂಪಾಯಿತು.

"ಅದು ಅಲ್ಲೇ ಇರ್ಲಿ, ತಗೀಬ್ಯಾಡ್ರಿ," ಎಂದಳು ಮೆಲ್ಲಗೆ. "ಆದ್ರ ಬರಾಕ ನೆಪ ಬ್ಯಾಡ. ಸೋಮವಾರ ಕಾಗಿನೆಲಿಗೆ ಹೊಂಟೇನಿ. ಅವ್ವನ ದನಿ ಸಿಕ್ಕಿದ್ದಕ್ಕ ಕಾಯಿ ಒಡಸ್ಬೇಕು. ಜೋಡೀಲೆ ಬರ್ರಿ."

ಅವನು ಹೂಂ ಎನ್ನಲು ಬಾಯಿ ತೆರೆದ. ಮಾತಿನ ಬದಲು ಒಂದು ದೊಡ್ಡ ಸೀನು ಬಂತು.

"ಹಾಯ್ ಅಲ್ಲಾ!" ಸಕೀನಾಬಿ ನೀಲಾಳ ಕಡೆ ನೋಡಿ ನಕ್ಕಳು. "ಬೇಟಿ, ನಿಮ್ಮ ಮಾಸ್ತರಿಗೆ ಬ್ಯಾಡಗಿ ಒಗ್ಗೂದಿಲ್ಲ ನೋಡವಾ."

"ಒಗ್ಗತೈತಿ, ಚಾಚಿ," ಎಂದಳು ನೀಲಾ, ಅವನನ್ನೇ ನೋಡುತ್ತ. "ದಿನಾ ಬಂದ್ರ ಒಗ್ಗತೈತಿ."