ಗಂಗವ್ವಗ ಮೊದಲ ಚೆಂಡು

ಅವನ ಹೆಗಲ ಮೇಲೆ ಬಂದೂಕುಗಳಿದ್ದವು!

ಗಾಜಿನ ಬಾಗಿಲಾಚೆ ನಿಂತವನನ್ನು ಕಂಡು ಶೈಲಜಾಳ ಎದೆ ಧಸಕ್ಕೆಂದಿತು. ಎತ್ತರದ ಆಳು. ಬಿಸಿಲಿಗೆ ಕೆಂಪಾದ ಕಣ್ಣು. ಹೆಗಲಿಗೆ ಉದ್ದನೆಯ ಕರಿ ಚೀಲ. ಅವನು ಅಲುಗಾಡಿದಾಗ ಅದರೊಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಖಣ್ ಎಂದ ಸದ್ದು...

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಆ ಟ್ರಾವೆಲ್ಸ್ ಆಫೀಸಿನಲ್ಲಿ ಅವಳು ಒಬ್ಬಳೇ ಇದ್ದಳು. ಮಾಲೀಕರಾದ ಲಕ್ಷ್ಮಣ ಕಾಕಾ ಒಂದು ಬಸ್ಸು ತುಂಬ ಜನರನ್ನು ಕರೆದುಕೊಂಡು ಶ್ರೀಶೈಲಕ್ಕೆ ಹೋಗಿದ್ದರು.

ಬಾಗಿಲು ತೆರೆಯಿತು.

“ಅಕ್ಕಾರ...”

“ಇಲ್ಲಿ ಏನೂ ಇಲ್ರೀ!” ಅವಳು ಕುರ್ಚಿಯ ಹಿಂದೆ ಸರಿದಳು. “ಕಾಕಾ ಊರಾಗಿಲ್ಲ. ಗಲ್ಲಾನೂ ಖಾಲಿ ಐತಿ!”

ಅವನು ಅವಳನ್ನು ನೋಡಿದ. ತನ್ನ ಚೀಲವನ್ನು ನೋಡಿಕೊಂಡ. ನಿಧಾನವಾಗಿ ಅದರ ಚೈನು ಎಳೆದ. ಒಳಗೆ ತುದಿ ಬಾಗಿದ ಬೆಳ್ಳಿ ಬಣ್ಣದ ಕೋಲುಗಳು.

“ಬಂದೂಕ ಅಲ್ರಿ ಅಕ್ಕಾರ. ಗಾಲ್ಫ್ ಆಡೂ ಕೋಲು.”

ಶೈಲಜಾಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

“ಹಿಂಗ ಹೊತಗೊಂಡ ಅಡ್ಡಾಡಿದ್ರ ಮಂದಿ ಹೆದರೂದಿಲ್ಲೇನ್ರಿ? ಮತ್ತ ಅಕ್ಕಾರ ಅನಬ್ಯಾಡ್ರಿ. ನಾ ನಿಮಗಿಂತ ಸಣ್ಣಾಕಿ ಅದೇನಿ!”

ಅವನ ತುಟಿಯಂಚಿನಲ್ಲಿ ನಗು ಮೂಡಿತು. ಆದರೆ ಕಣ್ಣಿನವರೆಗೆ ಅದು ಏರಲಿಲ್ಲ. ಅದನ್ನೂ ಅವಳು ಗಮನಿಸಿದಳು...

ಹಾಗೆ ಭಯದಿಂದಲೇ ಶುರುವಾಯಿತು ಅವರ ಪರಿಚಯ.

ಅವನ ಹೆಸರು ಗೌರೀಶ. ಚಚಡಿಯವನು, ತಂದೆಯ ಜೊತೆ ಹೊಲ ನೋಡಿಕೊಂಡಿದ್ದವನು. ಬೆಳಗಾವಿಯಲ್ಲಿ ಓದುವಾಗ ಹತ್ತಿದ ಗಾಲ್ಫಿನ ಹುಚ್ಚು ಇನ್ನೂ ಬಿಟ್ಟಿರಲಿಲ್ಲ. ಅವನ ಅಕ್ಕನ ಗಂಡ ಬಾಳೇಶ ಹುಬ್ಬಳ್ಳಿಯಲ್ಲಿ ಡಾಕ್ಟರು. ಭಾವಮೈದುನರಿಬ್ಬರೂ ಇನ್ನಿಬ್ಬರು ಗೆಳೆಯರನ್ನು ಸೇರಿಸಿಕೊಂಡು ರಜೆಗೆ ಪೋರ್ಚುಗಲ್ ದೇಶದ ದಕ್ಷಿಣ ಭಾಗಕ್ಕೆ ಗಾಲ್ಫ್ ಆಡಲು ಹೊರಟಿದ್ದರು. ಚೆನ್ನಾಗಿ ಆಡುವವನು ಗೌರೀಶ, ಅದಕ್ಕೇ ಮೈದಾನ ಆರಿಸುವ ಕೆಲಸ ಅವನಿಗೆ.

“ನಾಕ್ ಮೈದಾನ ಬೇಕ್ರಿ. ಒಂದ ಷರತ್ತು. ನೀರು ಇರಬಾರದು.”

“ಕುಡಿಯೂ ನೀರೂ ಬ್ಯಾಡೇನ್ರಿ?”

ಅವನು ನಗಲಿಲ್ಲ. “ಕೆರಿ ಬ್ಯಾಡ. ಹೊಳಿ ಬ್ಯಾಡ. ಸಮುದ್ರ ಅಂತೂ ಬ್ಯಾಡ ಬ್ಯಾಡ.”

‘ಚೆಂಡು ನೀರಿಗೆ ಬಿದ್ದರೆ ಹೋಗುತ್ತದೆಂದು ಜಿಪುಣತನ ಇರಬೇಕು’ ಎಂದುಕೊಂಡಳು ಅವಳು. ಕಾಶಿಗೆ, ಕೊಲ್ಲಾಪುರಕ್ಕೆ ಟಿಕೆಟ್ ಬರೆಯುತ್ತಿದ್ದ ಹುಡುಗಿಗೆ ಇದೆಲ್ಲ ಹೊಸ ಲೋಕವಾಗಿತ್ತು.

ಸಂತೆಗೆ ಬಂದಾಗಲೆಲ್ಲ ಅವನು ಆಫೀಸಿಗೆ ಬರತೊಡಗಿದ. ಆಮೇಲೆ ಸಂತೆ ಇಲ್ಲದ ದಿನವೂ ಬಂದ! ಇಬ್ಬರೂ ಕಂಪ್ಯೂಟರಿನಲ್ಲಿ ಮೈದಾನಗಳ ಚಿತ್ರ ನೋಡುತ್ತ ಕೂರುತ್ತಿದ್ದರು. ಆಲಿವ್ ತೋಪಿನ ನಡುವೆ ಒಂದು ಸಿಕ್ಕಿತು. ಗುಡ್ಡದ ಮೈಮೇಲೆ ಇನ್ನೊಂದು. ಹಳೆಯ ಕಲ್ಲುಮನೆಯ ಸುತ್ತ ಹಬ್ಬಿದ ಮತ್ತೊಂದು.

“ಇದರಾಗ ಏನೈತ್ರಿ? ನಮ್ಮ ಮುರಗೋಡ ದನದ ಬಯಲಿಗಿ ಹಸರ ಬಣ್ಣ ಬಳದಂಗ ಕಾಣತೈತಿ” ಎಂದು ಅವಳು ಛೇಡಿಸುವಳು.

“ನಿಮ್ಮ ದನದ ಬಯಲಿಗಿ ಪಾಸ್‌ಪೋರ್ಟ್ ಬೇಕಾಗೂದಿಲ್ಲ. ಅಷ್ಟ ಫರಕು” ಎನ್ನುವನು ಅವನು.

ಒಂದು ವಿಚಿತ್ರ ಮಾತ್ರ ಅವಳಿಗೆ ತಿಳಿಯಲಿಲ್ಲ. ಎದುರಿನ ಗೋಡೆಯಲ್ಲಿ ಗೋಕಾಕ ಫಾಲ್ಸಿನ ದೊಡ್ಡ ಚಿತ್ರವಿತ್ತು. ಅವನು ಬಂದ ಕೂಡಲೇ ಕುರ್ಚಿಯನ್ನು ತಿರುಗಿಸಿ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದ. ಫ್ಯಾನಿನ ಗಾಳಿಗಾಗಿ ಎಂದುಕೊಂಡಿದ್ದಳು.

ನಾಲ್ಕನೆಯ ಮೈದಾನವನ್ನು ಅವನು ಅವಳಿಗೇ ಬಿಟ್ಟ.

“ನಿಮಗ ಛಲೋ ಅನಿಸಿದ್ದನ್ನ ಹಿಡೀರಿ. ನಿಮ್ಮ ಮ್ಯಾಲ ನನಗ ನಂಬಿಕಿ ಐತಿ.”

ಆ ಮಾತು ದಿನವಿಡೀ ಅವಳ ಕಿವಿಯಲ್ಲಿ ಗುನುಗಿತು. ಮುರಗೋಡದ ಅಜ್ಜಿ, ಆಯಿ ಸುಂದರವ್ವ ಹೇಳುತ್ತಿದ್ದ ಏಳು ಸಮುದ್ರದ ಕಥೆಗಳಲ್ಲೇ ಬೆಳೆದವಳು ಅವಳು. ಆ ಆಯಿಯೂ ಸಮುದ್ರ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಕಂಪ್ಯೂಟರಿನಲ್ಲಿ ಆ ಚಿತ್ರ ಕಂಡಾಗ ಅವಳ ಉಸಿರು ನಿಂತಿತು. ಕೆಂಪು ಬಂಡೆಯ ತುದಿಯಲ್ಲಿ ಮೈದಾನ! ಒಂದು ಬಂಡೆಯ ಮೇಲೆ ನಿಂತು ಆಚೆಯ ಬಂಡೆಗೆ ಚೆಂಡು ದಾಟಿಸಬೇಕು. ನಡುವೆ ಆಳದಲ್ಲಿ ನೀಲಿ ಸಮುದ್ರ.

‘ಅಲ್ಲಿ ನಿಂತಾಗ ಇದನ್ನು ಆರಿಸಿದವಳು ಅವರಿಗೆ ನೆನಪಾಗಲಿ...’

ಷರತ್ತು ಮರೆತಿರಲಿಲ್ಲ. ಮನಸ್ಸು ಅದನ್ನು ಬದಿಗೆ ಸರಿಸಿತ್ತು, ಅಷ್ಟೇ. ಬಾಳೇಶರಿಗೆ ಚಿತ್ರ ಕಳಿಸಿದಳು. ಅವರು ಕುಣಿದಾಡಿ ಒಪ್ಪಿದರು.

ಮರುದಿನ ಗೌರೀಶ ಆ ಚಿತ್ರ ನೋಡಿದ.

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಇದನ್ನ ಯಾರು ಹಿಡದ್ರಿ?”

“ನಾನ... ನಿಮಗ ಆಶ್ಚರ್ಯ ಆಗಲಿ ಅಂತ...”

“ಒಂದ ಮಾತು ಕೇಳಿದ್ದೆ ನಿಮ್ಮನ್ನ. ಒಂದ! ಅದೂ ನಿಮಗ ಚೇಷ್ಟಾ ಅನಿಸ್ತು?”

ಅವನು ಎದ್ದು ಹೊರಟೇಹೋದ. ಗಾಜಿನ ಬಾಗಿಲು ಬಹಳ ಹೊತ್ತು ಅಲುಗಾಡುತ್ತಿತ್ತು.

‘ದೊಡ್ಡ ಮನೆತನದ ಸೊಕ್ಕು! ನಾನು ಯಾಕೆ ಅಷ್ಟು ಆಸೆ ಇಟ್ಟುಕೊಂಡೆ?’ ಎಂದು ಅಳುತ್ತಲೇ ಅವಳು ಮುರಗೋಡದ ಬಸ್ಸು ಹತ್ತಿದಳು.

ಆಯಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿದ ಮೇಲೆ ಮೊರ ಕೆಳಗಿಟ್ಟಳು.

“ಚಚಡಿ ಗಂಗಯ್ಯನವರ ಮಗನ?”

“ಹೂಂ.”

“ಅಯ್ಯ ನನ ಮಗಳ... ಅವರ ಸಣ್ಣ ಹುಡುಗ ಸಂಜು ಮುನವಳ್ಳಿ ಹೊಳ್ಯಾಗ ಹೋದ. ಈಜಾಕ ಇಳದಿದ್ದ. ದೊಡ್ಡಾಂವ ದಂಡಿ ಮ್ಯಾಲ ನಿಂತಿದ್ದ. ತಮ್ಮ ಕೂಗಾಕತ್ರೂ ಇವಂಗ ಕಾಲ ಏಳಲಿಲ್ಲಂತ. ಅವತ್ತಿಂದ ಆ ಮನಿಯವರು ಹೊಳಿಗಿ ಉಡಿ ತುಂಬಿಲ್ಲ. ಹೊಳಿ ತಾಯಿ ಗಂಗವ್ವನ ಮ್ಯಾಲ ಅಷ್ಟ ಸಿಟ್ಟು.”

ಶೈಲಜಾಳಿಗೆ ಒಂದೊಂದೇ ಹೊಳೆಯಿತು. ಬೆನ್ನು ಮಾಡಿ ಕುಳಿತ ಕುರ್ಚಿ... ಗೋಡೆಯ ಮೇಲಿನ ಫಾಲ್ಸು... ‘ಅಯ್ಯೋ! ನಾನು ಏನು ಮಾಡಿಬಿಟ್ಟೆ?’

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಬಾಳೇಶರಿಗೆ ಹಚ್ಚಿ, ನಾಲ್ಕನೆಯ ಮೈದಾನ ಬದಲಿಸೋಣವೆಂದಳು.

“ಯಾಕ್ರಿ ಶೈಲಜಾ ಅವ್ರ? ಕಡ್ಲಿ ಹೊಲದಂಥಾವು ಮೂರು ಅದಾವು, ನೋಡೂವಂಥಾದು ಅದೊಂದ! ಗೌರೀಶನ ಇರ್ಲಿ ಅಂದಾನ.”

ಇರಲಿ ಎಂದನೇ? ಕೆರೆಯನ್ನೂ ನೋಡಲಾರದವನು ಸಮುದ್ರದ ಬಂಡೆಯ ತುದಿಗೆ ಯಾಕೆ ಹೊರಟಿದ್ದಾನೆ? ತಮ್ಮನ ಸಾವು ತಿಳಿದ ಭಾವನ ಮುಂದೆಯೂ ಈ ಅಂಜಿಕೆ ಹೇಳಿಕೊಳ್ಳಲು ನಾಚಿಕೆಯೇ? ಅಥವಾ... ಆ ‘ಅಥವಾ’ದ ಮುಂದೆ ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

“ತಪ್ಪು ನಂದು. ಅಲ್ಲಿಗಿ ಹೋಗಬ್ಯಾಡ್ರಿ. ನಿಮಗ ಏನರ ಆದ್ರ ನಾ ಉಳಿಯೂದಿಲ್ಲ” ಎಂದು ಬರೆದು ಕಳಿಸಿದಳು. ಅವನು ಓದಿದ ಗುರುತು ಮೂಡಿತು. ಉತ್ತರ ಬರಲಿಲ್ಲ.

ಅವನು ವಿಮಾನ ಹತ್ತಿದ.

ಅಲ್ಲಿಂದ ಅವಳ ಅನ್ನ, ನಿದ್ದೆ ಎರಡೂ ಹಾರಿಹೋದವು. ಕಣ್ಣು ಮುಚ್ಚಿದರೆ ಕೆಂಪು ಬಂಡೆ. ಕೊಡ ತುಂಬುವ ಸದ್ದು ಕೇಳಿದರೂ ಬೆಚ್ಚುವಳು. ಆಯಿಯ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಣಿಯಲ್ಲಿ ಇರುತ್ತಿತ್ತು. ಈಗ ತನ್ನದೇ ಜೀವ ಅಲ್ಲಿ ಹೋಗಿ ಕುಳಿತಂತಿತ್ತು!

“ಸುಮ್ಮ ನಡಗಿದ್ರ ಏನಾಗತೈತಿ?” ಎಂದಳು ಆಯಿ. “ಗಂಗವ್ವ ಕೇಳೂಕಿಂತ ಮೊದಲ ನಾವ ಕೊಡಬೇಕು. ಕೊಟ್ಟವರ ಕಡೆ ಆಕಿ ಕೈ ಚಾಚೂದಿಲ್ಲ. ಹೋಗು, ಉಡಿ ತುಂಬಿ ಬಾ.”

ನಾಲ್ಕನೆಯ ಮೈದಾನದ ದಿನ ಬಂತು. ಉಡಿ ತುಂಬಲು ಕುಬಸದ ಬಟ್ಟೆಯ ಕಣ, ತೆಂಗಿನಕಾಯಿ, ಅಕ್ಕಿ, ಅರಿಷಿಣ ಕೊಂಬು ಹಿಡಿದು ಅವಳು ಮುನವಳ್ಳಿಯಲ್ಲಿ ಮಲಪ್ರಭೆಯ ದಂಡೆಗೆ ಇಳಿದಳು. ಇಳಿಬಿಸಿಲು. ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಆ ಸದ್ದಿಲ್ಲದ ನೀರೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಫೋನ್ ಬಡಿದುಕೊಂಡಿತು. ಗೌರೀಶ!

“ಶೈಲಜಾ...” ಅವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ದನಿಯ ಹಿಂದೆ ಗಾಳಿ ಭೋರ್ಗರೆಯುತ್ತಿತ್ತು. “ನಾ ಬಂಡೆ ಮ್ಯಾಲ ನಿಂತೇನಿ. ಕಾಲ ಏಳವಲ್ಲವು.”

“ಹಿಂದ ಬರ್ರಿ! ನಿಮ್ಮ ಕಾಲಿಗಿ ಬೀಳತೇನಿ, ಹಿಂದ ಸರೀರಿ!”

“ಹಿಂದೂ ಆಗವಲ್ದು. ಅವತ್ತೂ ಹಿಂಗ ಆಗಿತ್ತು. ಈ ಸಲ ಓಡಿಹೋಗಬಾರದು ಅಂತ ಬಂದೆ. ಆದ್ರ ಕೆಳಗ ನೋಡಿದ್ರ ಸಂಜು ಕಾಣತಾನ...”

ದೂರದಿಂದ ಬಾಳೇಶರ ದನಿ ತೇಲಿಬಂತು. “ಏನಲೇ, ಲಗ್ನಕ್ಕ ಮೊದಲ ಹೆಂಡ್ತಿಗಿ ಫೋನ್ ಹಚ್ಚಿಯೇನು? ಲಗೂನ ಹೊಡಿ!”

ಅವಳ ಮುಂದೆಯೂ ನೀರು, ಅವನ ಮುಂದೆಯೂ ನೀರು. ಕೈಯಲ್ಲಿದ್ದ ಉಡಿಯನ್ನು ನೋಡಿದಳು. ಆಯಿಯ ಮಾತು ಹೊಳೆಯಿತು.

“ಕೇಳ್ರಿ ಇಲ್ಲೆ. ನಾ ಮುನವಳ್ಳಿ ಹೊಳಿ ದಂಡ್ಯಾಗ ನಿಂತೇನಿ. ಉಡಿ ತಂದೇನಿ. ನಿಮ್ಮ ಮನಿಯಿಂದ ಗಂಗವ್ವಗ ಯಾರೂ ಏನೂ ಕೊಟ್ಟಿಲ್ಲ ಹೌದಲ್ರಿ? ಈಗ ನೀವ ಕೊಡ್ರಿ.”

“ನನ್ನ ಕಡೆ ಏನೈತಿ ಕೊಡಾಕ?”

“ಚೆಂಡು! ಮೊದಲ ಚೆಂಡು ದಾಟಸಾಕ ಹೊಡೀಬ್ಯಾಡ್ರಿ. ಬೇಕಂತ ನೀರಿಗಿ ಹೊಡೀರಿ. ಸಂಜು ಹೆಸರೀಲೆ. ಆಮ್ಯಾಲ ಎರಡನೇದು ನಿಮ್ಮದು.”

ಗಾಳಿಯ ನಡುವೆ ಚೀಲದ ಚೈನು ಎಳೆದ ಸದ್ದು ಕೇಳಿತು.

“ನೀವು ಅಲ್ಲಿ ಬಿಡ್ರಿ. ನಾ ಇಲ್ಲಿ ಬಿಡತೇನಿ” ಎಂದ.

ಅವಳು ಮೊಣಕಾಲಿನವರೆಗೆ ನೀರಿಗೆ ಇಳಿದು ಉಡಿ ತೇಲಿಬಿಟ್ಟಳು. ಫೋನಿನಲ್ಲಿ ಟಕ್ಕೆಂದು ಸದ್ದು ಕೇಳಿತು. ಆಮೇಲೆ ಯಾರೋ ಕೂಗಿದರು.

ಫೋನ್ ಕಟ್ಟಾಯಿತು.

“ಹಲೋ? ಗೌರೀಶ... ಹಲೋ!”

ಮತ್ತೆ ಹಚ್ಚಿದಳು. ಹತ್ತಲಿಲ್ಲ. ತೆಂಗಿನಕಾಯಿ ನಡು ಹೊಳೆಯಲ್ಲಿ ಒಮ್ಮೆ ಮುಳುಗಿತು. ಅವಳ ಜೀವವೂ ಅದರ ಜೊತೆ ಮುಳುಗಿತು. ‘ಕೂಗಿದವರು ಯಾರು? ಯಾಕೆ ಕೂಗಿದರು? ತಾಯಿ ಗಂಗವ್ವ, ಅವನನ್ನೂ ಕರೆದುಕೊಳ್ಳಬೇಡ! ಬೇಕಾದರೆ ನನ್ನ...’

ತೆಂಗಿನಕಾಯಿ ಮೇಲೆದ್ದಿತು. ತಿರುಗುತ್ತ, ತಿರುಗುತ್ತ ಮುಂದೆ ಸಾಗಿತು.

ಫೋನ್ ಬಡಿದುಕೊಂಡಿತು.

“ಶೈಲಜಾ...” ಅವನು ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. “ಮೊದಲನೇದು ಆಕಿಗಿ ಕೊಟ್ಟೆ. ಬಾಳೇಶ ಮಾಂವಾರು ಕೂಗಿ ಬಯ್ದರು. ಎರಡನೇದು... ಎರಡನೇದು ದಾಟ್ತು!”

ಅವಳು ಒದ್ದೆ ಸೀರೆಯಲ್ಲೇ ದಂಡೆಯ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

*

ಗಾಜಿನ ಬಾಗಿಲಾಚೆ ಮತ್ತೆ ಆ ಕರಿ ಚೀಲ ಕಂಡಾಗ ಲಕ್ಷ್ಮಣ ಕಾಕಾ ಆಫೀಸಿನಲ್ಲೇ ಇದ್ದರು. ಶೈಲಜಾಳ ಮುಖ ನೋಡಿದರು, ಹೊರಗೆ ನಿಂತವನ ಮುಖ ನೋಡಿದರು.

“ನಾ ಚಾ ಕುಡದ ಬರತೇನಿ” ಎಂದು ಎದ್ದರು. “ಗಲ್ಲಾ ಖಾಲಿ ಐತಿ ಅಂತ ಬಂದವರಿಗೆಲ್ಲ ಹೇಳಬ್ಯಾಡವ್ವ.”

ಗೌರೀಶ ಒಳಗೆ ಬಂದ. ಕುರ್ಚಿ ಎಳೆದುಕೊಂಡ.

ಅವನು ಕುರ್ಚಿಯನ್ನು ತಿರುಗಿಸಲಿಲ್ಲ. ಗೋಕಾಕ ಫಾಲ್ಸಿಗೆ ಎದುರಾಗಿಯೇ ಕುಳಿತ. ಒಮ್ಮೆ ಅದನ್ನು ನೋಡಿ ಕಣ್ಣು ತಗ್ಗಿಸಿದ, ಮತ್ತೆ ನೋಡಿದ.

“ಅಂಜಿಕಿ ಹೋತೇನ್ರಿ?” ಎಂದಳು ಮೆಲ್ಲಗೆ.

“ಇಲ್ಲ. ಈಗೂ ಐತಿ. ಆದ್ರ ಕಾಲು ಏಳತಾವು.”

“ಅವತ್ತು ನನ್ನ ಮೆಸೇಜಿಗಿ ಉತ್ತರ ಯಾಕ ಬರೀಲಿಲ್ಲ? ನಾ ಎಷ್ಟ ಹೆದರಿದ್ದೆ ಗೊತ್ತೈತೇನ್ರಿ?”

“ಏನರ ಆದ್ರ ನಾ ಉಳಿಯೂದಿಲ್ಲ ಅಂತ ಬರದಿದ್ರಿ. ಬಂಡೆ ಮ್ಯಾಲ ಅದ ಒಂದ ಮಾತು ಹಿಡಕೊಂಡ ನಿಂತಿದ್ದೆ. ಅದಕ್ಕ ಉತ್ತರ ಫೋನಿನ್ಯಾಗ ಕೊಡೂವಂಥಾದ್ದಲ್ಲ ಅನಿಸ್ತು.”

ಅವಳು ತಲೆ ತಗ್ಗಿಸಿದಳು.

“ಇನ್ನೊಂದ ಜಾಗಾ ಆರಿಸಿ ಕೊಡಬೇಕಿತ್ರಿ ಅಕ್ಕಾರ” ಎಂದ ಅವನು.

“ಮತ್ತ ಅಕ್ಕಾರ?”

“ಇದ ಕಡೀ ಸಲ. ಬ್ಯಾರೆ ಏನು ಕರೀಬೇಕಂತ ನಿಮ್ಮ ಆಯೀನ ಕೇಳಾಕ ನಮ್ಮ ಅವ್ವ ನಾಳೆ ಮುರಗೋಡಕ್ಕ ಬರಾಕತ್ತಾಳ. ಹೋಗೂ ದಾರ್ಯಾಗ ಹೊಳಿಗಿ ಉಡಿ ತುಂಬತಾಳಂತ.”

ಅವಳ ಕಣ್ಣು ತುಂಬಿ ಬಂತು. ಕಂಪ್ಯೂಟರಿನ ಕಡೆ ತಿರುಗಿದಳು.

“ಜಾಗಾ ಹೆಂಥಾದ ಇರಬೇಕ್ರಿ? ಷರತ್ತು ಏನರ ಐತೇನು?”

ಅವನು ಮೇಜಿನ ಮೇಲಿದ್ದ ಅವಳ ಕೈಯ ಪಕ್ಕ ತನ್ನ ಕೈ ಇಟ್ಟ.

“ಒಂದ ಐತಿ. ನೀರು ಇರಬೇಕು... ದಂಡಿ ಮ್ಯಾಲ ನೀವೂ ಇರಬೇಕು.”